ನಡುವಿನ ಗಂಟು

ಇವತ್ತು ಬೆಳಿಗ್ಗೆ ಅಣ್ಣಿಗೇರಿಯ ನಮ್ಮ ಓಣಿಗೆ ಗಾದಿ ಹಿಂಜುವ ಟೆಂಪೊ ಬಂದು ನಿಂತಿತು. ಮುಂದೆ ಮೈಕಿನ ಕೂಗು, ಹಿಂದೆ ಮಷಿನ್ನಿನ ಗರ್ರೆನ್ನುವ ಸದ್ದು. ಸದ್ದಿಗೆ ಜಗ್ಗುವವಳಲ್ಲ ನಾನು; ಮೂವತ್ತು ವರ್ಷ ಒಂದನೇ ಇಯತ್ತೆಯ ಮಕ್ಕಳ ನಡುವೆ ಕಳೆದವಳು. ಆದರೆ ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ವಾಸನೆ ಬಂತು. ಹಳೆಯ ಅರಳೆಯನ್ನು ಬಿಡಿಸಿದಾಗ ಏಳುವ ವಾಸನೆ ಅದು. ಧೂಳು, ತಲೆಯೆಣ್ಣೆ, ಬೆವರು, ವರ್ಷಾನುಗಟ್ಟಲೆಯ ನಿದ್ದೆ ಎಲ್ಲವೂ ಸೇರಿದ್ದು. ಬೇರೆಯವರಾದರೆ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಒಲೆಯ ಮೇಲಿನ ಚಹಾ ಮರೆತು ಕಿಟಕಿಗೆ ಹೋಗಿ ನಿಂತೆ. ಚಹಾ ಉಕ್ಕಿ ಚೆಲ್ಲಿತು.

ಶಲವಡಿಯ ನಮ್ಮ ಮನೆಗೆ ಇದೇ ವಾಸನೆಯಿತ್ತು. ನಮ್ಮಪ್ಪ ಖಾದರಸಾಬ ಪಿಂಜಾರ. ಸುತ್ತ ಹತ್ತು ಹಳ್ಳಿಯ ಗಾದಿ, ತಲೆದಿಂಬು ಅವನ ಕೈಯಲ್ಲೇ ಹಗುರಾಗಬೇಕು. ಪಡಸಾಲೆಯ ಜಂತಿಗೆ ಹಗ್ಗ ಕಟ್ಟಿ ಅವನ ಆಳೆತ್ತರದ ಬಿಲ್ಲನ್ನು ತೂಗುಹಾಕಿದ್ದ. ಅದರ ನರದ ತಂತಿಯನ್ನು ಮರದ ಕೊಡತಿಯಿಂದ ಮೀಟಿದರೆ ಡಂಯ್ ಎಂದು ಇಡೀ ಮನೆ ನಡುಗುತ್ತಿತ್ತು. ಗಟ್ಟಿಯಾಗಿ ಕುಂತ ಅರಳೆ ಎಳೆ ಎಳೆಯಾಗಿ ಬಿಟ್ಟು, ಮೇಲೆದ್ದು, ಅವನ ಹುಬ್ಬು ಮೀಸೆಯ ಮೇಲೆಲ್ಲ ಕೂರುತ್ತಿತ್ತು. ಮೂವತ್ತೈದರ ಗಂಡಸು ಸಂಜೆಯ ಹೊತ್ತಿಗೆ ಎಂಬತ್ತರ ಮುದುಕನಂತೆ ಕಾಣುತ್ತಿದ್ದ. ಕೈಕಾಲು ತೊಳೆದು ಬಂದ ಮೇಲೆ ಮತ್ತೆ ನಮ್ಮಪ್ಪ. ಒಳಚೀಲ ಹೊಲಿಯುವುದು ಅವ್ವನ ಕೆಲಸ. ಮೂರು ಬದಿ ಅಕ್ಕಿಕಾಳಿನಷ್ಟು ಸಣ್ಣ ಸಣ್ಣ ಹೊಲಿಗೆ ಹಾಕಿ ಅವಳು ಕೊಟ್ಟರೆ, ಅರಳೆ ತುಂಬಿ ನಾಲ್ಕನೇ ಬದಿಯ ಬಾಯಿಯನ್ನು ಅಪ್ಪ ದಬ್ಬಣದಿಂದ ಉದ್ದುದ್ದ ಹೊಲಿಗೆಯಲ್ಲಿ ಮುಚ್ಚುತ್ತಿದ್ದ. ಅವನ ಹೊಲಿಗೆ ಗೇಣುದ್ದ ಎಂದು ಅವ್ವ ಆಡಿಕೊಳ್ಳುತ್ತಿದ್ದಳು. ಯಾವ ದಿಂಬನ್ನು ನೋಡಿದರೂ ಮೂರು ಬದಿ ಅವ್ವ, ಒಂದು ಬದಿ ಅಪ್ಪ. ಊರಿನ ಮುಕ್ಕಾಲು ಮಂದಿ ಇವರಿಬ್ಬರ ಹೊಲಿಗೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದರು. ಹಾಗೆಂದು ಅಕ್ಕ ಹೇಳುತ್ತಿದ್ದಳು, ದೊಡ್ಡ ಜಂಬದಿಂದ.

ಅಕ್ಕ ಎಂದರೆ ಜೈತುನ. ನನಗಿಂತ ಏಳು ವರ್ಷ ದೊಡ್ಡವಳು. ಮಂಡಿಯವರೆಗೆ ಕೂದಲು. ಮೆಂತ್ಯ ಹಾಕಿ ಕಾಸಿದ ಕೊಬ್ಬರಿ ಎಣ್ಣೆಯನ್ನು ಕೈತುಂಬ ಸುರುವಿಕೊಂಡು, ಎರಡು ಜಡೆ ಹಾಕಿ, ಕೆಂಪು ರಿಬ್ಬನ್ ಕಟ್ಟುತ್ತಿದ್ದಳು. ಮಿಕ್ಕ ಎಣ್ಣೆಯನ್ನು ನನ್ನ ತಲೆಗೆ ಒರೆಸಿ, ನನ್ನ ಇಲಿಬಾಲದಂಥ ಜಡೆಯನ್ನೂ ಹೆಣೆಯುತ್ತಿದ್ದಳು. ನಾವಿಬ್ಬರೂ ಒಂದೇ ಗಾದಿಯ ಮೇಲೆ ಮಲಗುತ್ತಿದ್ದೆವು. ಅವಳ ದಿಂಬಿಗೆ ಎಣ್ಣೆ ಇಳಿದು ಇಳಿದು ನಡುವೆ ಒಂದು ಹಳದಿ ಕಲೆ ಬಿದ್ದಿತ್ತು. ತಿರ್ಲಾಪುರದ ಕಡೆ ಅವಳಿಗೆ ಗಂಡು ಗೊತ್ತಾದಾಗ ಅಪ್ಪ ಆ ವರ್ಷದ ಹತ್ತಿಯಲ್ಲಿ ಬೆಳ್ಳಗಿನದನ್ನೇ ಆರಿಸಿ ಒಂದು ಚೀಲ ಅರಳೆ ಬೇರೆ ತೆಗೆದಿಟ್ಟ. ಊರ ಮದುಮಕ್ಕಳಿಗೆಲ್ಲ ಗಾದಿ ಮಾಡಿದವನು ತನ್ನ ಮಗಳಿಗೆ ಎಂಥದು ಮಾಡಿಯಾನು ಎಂದು ನೆರೆಯವರಿಗೆ ಕುತೂಹಲ. ಅವ್ವ ಹೂವಿನ ಬಟ್ಟೆ ತರಿಸಿ ಎರಡು ದಿಂಬಿನ ಒಳಚೀಲ ಹೊಲಿದು ಮಡಚಿಟ್ಟಳು. ಅಕ್ಕ ಹೋದರೆ ಇಡೀ ಗಾದಿ ನನ್ನದೊಬ್ಬಳದೇ ಎಂದು ನಾನು ಕುಣಿದೆ. ಆ ಮಾತು ನೆನೆದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಮದುವೆಗೆ ಒಂದು ತಿಂಗಳಿರುವಾಗ ಅಕ್ಕನಿಗೆ ಕಾಮಣಿ ಆಯಿತು. ಮೊದಲು ಕಣ್ಣು ಹಳದಿಯಾದವು, ಆಮೇಲೆ ಉಗುರು. ಔಷಧಿಯ ಸೊಪ್ಪು ಅರೆದು ಕುಡಿಸಿದರು, ಹುಬ್ಬಳ್ಳಿಯ ದವಾಖಾನೆಗೂ ಒಯ್ದರು. ಹನ್ನೊಂದನೆಯ ದಿನ ಅವಳನ್ನು ಮನೆಗೆ ತಂದಾಗ ಬಾಗಿಲಲ್ಲಿ ಇಡೀ ಓಣಿ ನಿಂತಿತ್ತು. ನನಗೆ ಹತ್ತು ವರ್ಷ. ಯಾರೋ ನನ್ನನ್ನು ಎತ್ತಿ ಬಾಜು ಮನೆಯ ಗಂಗವ್ವ ಕಾಕುವಿನ ಅಡುಗೆಮನೆಯಲ್ಲಿ ಕೂರಿಸಿದರು. ಅವಳು ಕೊಟ್ಟ ರೊಟ್ಟಿಯನ್ನು ನಾನು ತಿಂದೆ. ಹಸಿದಿತ್ತು, ತಿಂದೆ. ಅಕ್ಕನನ್ನು ಒಯ್ಯುವಾಗ ನನ್ನ ಬಾಯಲ್ಲಿ ರೊಟ್ಟಿ ಇತ್ತು.

ನಮ್ಮಲ್ಲಿ ಹೆಂಗಸರು ಮಣ್ಣಿಗೆ ಹೋಗುವ ವಾಡಿಕೆಯಿಲ್ಲ. ಅಪ್ಪ ಮಾತ್ರ ಶುಕ್ರವಾರಕ್ಕೊಮ್ಮೆ ಊರಾಚೆ ಹೋಗಿ, ಗೋರಿಯ ಮುಂದೆ ಕೂತು ಬರುತ್ತಿದ್ದ. ಬಂದಾಗ ಅವನ ಚಪ್ಪಲಿಗೆ ಅಂಟಿದ ಎರೆಮಣ್ಣನ್ನು ಅವ್ವ ನೋಡುತ್ತ ನಿಲ್ಲುತ್ತಿದ್ದಳು. ಅವಳಿಗೆ ಹೋಗಿ ಕೂರಲು ಒಂದು ಜಾಗ ಇರಲಿಲ್ಲ. ಇದ್ದದ್ದು ಆ ದಿಂಬು. ಅಕ್ಕ ದವಾಖಾನೆಗೆ ಹೊರಟ ಬೆಳಿಗ್ಗೆ ತಲೆಯೆತ್ತಿ ಎದ್ದಾಗ ಬಿದ್ದ ಕುಳಿ ಅದರಲ್ಲಿ ಹಾಗೇ ಉಳಿದಿತ್ತು. ಅವ್ವ ಅದನ್ನು ಒಳಕೋಣೆಯ ಗೂಡಿನಲ್ಲಿಟ್ಟು, ಮೇಲೊಂದು ತೆಳು ಬಟ್ಟೆ ಹೊದಿಸಿದ್ದಳು. ದಿನಕ್ಕೊಮ್ಮೆ, ಕೆಲಸವೆಲ್ಲ ಮುಗಿದ ಮಧ್ಯಾಹ್ನ, ಒಳಗೆ ಹೋಗಿ ಬಟ್ಟೆ ಸರಿಸಿ, ಕೈ ಹಿಂದೆ ಕಟ್ಟಿಕೊಂಡು ಬಗ್ಗುತ್ತಿದ್ದಳು. ಕೈ ತಾಗಿದರೆ ಕುಳಿ ಕೆಡುತ್ತದೆಂಬ ಭಯ. ಮೂಗು ಮಾತ್ರ ಹತ್ತಿರ ಒಯ್ಯುತ್ತಿದ್ದಳು. ನನಗೂ ಆ ವಾಸನೆ ಬೇಕಾಗಿತ್ತು, ಆದರೆ ಕೇಳುವ ಧೈರ್ಯವಿರಲಿಲ್ಲ. ಅಕ್ಕನ ರಿಬ್ಬನ್ನುಗಳನ್ನು ಕೇಳಿದೆ. ಅವ್ವ ಕೊಡಲಿಲ್ಲ, ಟ್ರಂಕಿಗೆ ಹಾಕಿ ಬೀಗ ಜಡಿದಳು. ನನ್ನ ಜಡೆ ಹಾಕುವವರೂ ಯಾರೂ ಇರಲಿಲ್ಲ. ಶಾಲೆಗೆ ಕೆದರಿದ ತಲೆಯಲ್ಲೇ ಹೋಗಿ, ಬೈಸಿಕೊಂಡು ಬರುತ್ತಿದ್ದೆ.

ಅಪ್ಪನದು ಒಂದು ಪದ್ಧತಿಯಿತ್ತು. ಸಾವಾದ ಮನೆಯವರು, ಯಾವ ಜಾತಿಯವರೇ ಆಗಲಿ, ಸತ್ತವರ ದಿಂಬನ್ನು ಅವನ ಹತ್ತಿರ ತರುತ್ತಿದ್ದರು. ಅದನ್ನು ಅವನು ಬೇರೆ ಅರಳೆಯ ಜೊತೆ ಕೂಡಿಸುತ್ತಿರಲಿಲ್ಲ. ಒಂದು ದಿನ ಅದಕ್ಕೇ ಇಟ್ಟು, ಬೇರೆಯಾಗಿ ಹಿಂಜಿ, ಹೊಸ ಚೀಲದಲ್ಲಿ ತುಂಬಿ ತಾನೇ ಮನೆಗೆ ಮುಟ್ಟಿಸಿ ಬರುತ್ತಿದ್ದ. “ತೆಲಿ ಕುಳಿ ಹಂಗ ಉಳಿದ್ರ ಮನ್ಯಾಗಿನವ್ರು ಅದರಾಗ ಬಿದ್ದಬಿಡ್ತಾರು. ನಲವತ್ತು ದಿನಾ ಆದಮ್ಯಾಲೆ ಬಿಡಿಸಿಬಿಡಬೇಕು” ಎನ್ನುತ್ತಿದ್ದ. ಯರಗುಪ್ಪಿಯಿಂದಲೂ ಒಬ್ಬ ತಾಯಿ ಮಗನ ದಿಂಬು ಹೊತ್ತು ತಂದದ್ದು, ಹಗುರಾದ ದಿಂಬನ್ನು ಎದೆಗೊತ್ತಿಕೊಂಡು ಅಪ್ಪನಿಗೆ ಕೈಮುಗಿದದ್ದು ನಾನೇ ಕಂಡಿದ್ದೆ. ಹಾಗಾಗಿ ನಮ್ಮ ಮನೆಯ ನಲವತ್ತು ದಿನ ಕಳೆದ ಮರುದಿನ ಅವನು ಮಾಡಿದ್ದು ತಪ್ಪು ಎಂದು ಅವನಿಗಾಗಲಿ ನನಗಾಗಲಿ ಹೊಳೆಯಲಿಲ್ಲ.

ಅವ್ವ ಅಂದು ಹತ್ತಿ ಬಿಡಿಸಲು ಹೊಲಕ್ಕೆ ಹೋಗಿದ್ದಳು. ಅಪ್ಪ ಗೂಡಿನಿಂದ ದಿಂಬು ತೆಗೆದು, ಪಡಸಾಲೆಯಲ್ಲಿ ಒಗೆದ ಧೋತರ ಹಾಸಿ ಅದರ ಮೇಲಿಟ್ಟ. ಬಾಯಿಯ ಹೊಲಿಗೆ ಬಿಚ್ಚಿದ. ಕೈ ಒಳಗೆ ಹಾಕಿದವನು ಹಾಗೇ ಕೂತುಬಿಟ್ಟ. ಆಮೇಲೆ ನನ್ನ ಕಡೆ ತಿರುಗದೆ, “ಮಾಬೂ, ಒಂದು ಕೊಡಾ ನೀರು ತಗೊಂಬಾ ಹೋಗವ್ವಾ” ಎಂದ. ಮನೆಯಲ್ಲಿ ನೀರಿತ್ತು. ಆದರೂ ಹೋದೆ. ಬರುವಷ್ಟರಲ್ಲಿ ಬಿಲ್ಲು ಡಂಯ್ ಡಂಯ್ ಎನ್ನುತ್ತಿತ್ತು. ಅಕ್ಕನ ಮದುವೆಗೆಂದು ತೆಗೆದಿಟ್ಟ ಬೆಳ್ಳನೆಯ ಅರಳೆಯ ಚೀಲವನ್ನೂ ಬಿಚ್ಚಿ, ಅದೂ ಅವಳದೇ ಎಂಬಂತೆ, ಒಂದಿಷ್ಟನ್ನು ಅದರೊಳಗೆ ಕೂಡಿಸಿದ್ದ. ಅವ್ವ ಮದುವೆಗೆ ಹೊಲಿದಿಟ್ಟ ಹೂವಿನ ಚೀಲದಲ್ಲಿ ತುಂಬಿ, ತನ್ನ ಗೇಣುದ್ದದ ಹೊಲಿಗೆಯಿಂದ ಬಾಯಿ ಮುಚ್ಚಿ, ಮೇಲೆ ಗವಸು ಹಾಕಿ, ಗೂಡಿನಲ್ಲಿಟ್ಟ. ಕುಳಿಯಿಲ್ಲದೆ ಉಬ್ಬಿಕೊಂಡಿದ್ದ ಆ ದಿಂಬು ನನಗೆ ಚೆಂದವೇ ಕಂಡಿತು. ಅವ್ವನಿಗೆ ಖುಷಿಯಾಗುತ್ತದೆ ಎಂದುಕೊಂಡು ಬಾಗಿಲಲ್ಲಿ ಕಾದೆ.

ಅವ್ವ ಬಂದಳು, ಕಾಲು ತೊಳೆದಳು, ಒಳಗೆ ಹೋದಳು. ಬಹಳ ಹೊತ್ತಿನ ಮೇಲೆ ಹೊಸ್ತಿಲಿಗೆ ಬಂದು ನಿಂತಳು. ಅಳಲಿಲ್ಲ. “ಊರಮಂದಿ ದಿಂಬಿನಂಗ ಇದನ್ನೂ ಹಿಂಜಿಬಿಟ್ರೇನ್ರಿ?” ಎಂದಳು. ಅಪ್ಪ ಮೈಮೇಲಿನ ಅರಳೆಯ ಎಳೆ ಕೊಡವಿಕೊಳ್ಳತೊಡಗಿದ. “ನನಗ ಇದ್ದದ್ದು ಅದೊಂದ. ನಿಮಗರ ಮಣ್ಣೈತಿ” ಎಂದಳು. ಅದಾದ ಮೇಲೆ ಅವಳು ಅಪ್ಪನ ಜೊತೆ ಮಾತು ಬಿಟ್ಟಳು.

ಮಾತು ಬಿಡುವುದೆಂದರೆ ಎಲ್ಲ ಮನೆಗಳಲ್ಲೂ ಇರುವ ಎರಡು ದಿನದ ಮುನಿಸಲ್ಲ. ಹತ್ತಿ ಮುಗಿದು, ಕಡಲೆ ಕಿತ್ತು, ಬೇಸಿಗೆ ಬಂದು, ಮಳೆ ಹಿಡಿದರೂ ಅವ್ವ ಬಾಯಿ ಬಿಡಲಿಲ್ಲ. ಅಪ್ಪ ಮೂರು ಮಾರು ದೂರದಲ್ಲಿ ಕೂತಿದ್ದರೂ “ಮಾಬೂ, ನಿಮ್ಮಪ್ಪಗ ಉಣ್ಣಾಕ ಬಾ ಅಂತ ಹೇಳು” ಎನ್ನುತ್ತಿದ್ದಳು. ನಾನು ತಿರುಗಿ “ಅಪ್ಪಾ, ಉಣ್ಣಾಕ ಬರಬೇಕಂತ” ಎನ್ನುತ್ತಿದ್ದೆ. ಅವನು “ಬಂದ್ನಿ ಅಂತ ಹೇಳು” ಎನ್ನುತ್ತಿದ್ದ. ಒಂದೇ ಪಡಸಾಲೆಯಲ್ಲಿ ಟಪಾಲು ಹಂಚುವವಳಂತೆ ನಾನು ಓಡಾಡಿದೆ. ಅವರಿಬ್ಬರ ಮಾತೆಲ್ಲ ನನ್ನ ಬಾಯಿಂದಲೇ ಹಾದುಹೋಗುತ್ತಿತ್ತು. ಆದರೆ ನನ್ನ ಮಾತನ್ನು ಕೇಳುವವರಿರಲಿಲ್ಲ. ಗಾದಿಯ ಅರ್ಧದಲ್ಲೇ ಮಲಗುತ್ತಿದ್ದೆ. ಉಳಿದರ್ಧಕ್ಕೆ ಕಾಲು ಚಾಚಲು ಆಗುತ್ತಿರಲಿಲ್ಲ. ಅಕ್ಕ ನನಗೂ ಅಕ್ಕನಾಗಿದ್ದಳು ಎಂಬುದು ಇಬ್ಬರಿಗೂ ಮರೆತುಹೋಗಿದೆ ಎಂದು ನನಗೆ ಅನ್ನಿಸುತ್ತಿತ್ತು. ಅಪ್ಪ ಒಣಗತೊಡಗಿದ. ಬಿಲ್ಲಿನ ಸದ್ದು ಕೂಡ ಸಣ್ಣದಾಯಿತು. ಮೊದಲು ಅವ್ವ ರೊಟ್ಟಿ ಬಡಿಯುವುದು, ಅಪ್ಪ ಬಿಲ್ಲು ಬಡಿಯುವುದು ಕೂಡಿಯೇ ಕೇಳುತ್ತಿತ್ತು. ಈಗ ಒಬ್ಬರು ನಿಲ್ಲಿಸಿದ ಮೇಲೆ ಇನ್ನೊಬ್ಬರು ಶುರುಮಾಡುತ್ತಿದ್ದರು.

ಆ ಮಳೆಗಾಲದ ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಅವ್ವ ಒಳಕೋಣೆಯ ಬಾಗಿಲಿಗೆ ಅಗಳಿ ಹಾಕಿಕೊಂಡಿದ್ದಳು. ಕರೆದರೂ ತೆರೆಯಲಿಲ್ಲ. ಬಹಳ ಹೊತ್ತಿನ ಮೇಲೆ ಹೊರಗೆ ಬಂದಳು. ಕಣ್ಣು ಕೆಂಪಾಗಿ ಊದಿದ್ದವು. ಕಂಕುಳಲ್ಲಿ ಆ ದಿಂಬು. ಪಡಸಾಲೆಯಲ್ಲಿ, ಅಪ್ಪ ಕೆಲಸ ಮಾಡುವ ಎದುರಿಗೇ ಚಾಪೆ ಹಾಸಿ, ದಿಂಬಿನ ಮೇಲೆ ತಲೆಯಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು. ಅದರ ಮೇಲೆ ಅವಳು ತಲೆಯಿಟ್ಟದ್ದು ಅದೇ ಮೊದಲು. ಅಪ್ಪನ ಕೊಡತಿ ಎತ್ತಿದಲ್ಲೇ ನಿಂತಿತು. ಅವ್ವ ಗೋಡೆಗೆ ಹೇಳಿದಳು: “ನಡುವ ಗಂಟೈತಿ.” ನಾನು ಅಭ್ಯಾಸಬಲದಿಂದ ಅಪ್ಪನ ಕಡೆ ತಿರುಗಿ ಮುಟ್ಟಿಸಲು ಹೋದೆ. ಅದಕ್ಕೂ ಮೊದಲೇ ಅವನು “ಬಿಚ್ಚಿ ಹಿಂಜಿ ಕೊಡ್ಲೇನು?” ಎಂದ. “ಬ್ಯಾಡ್ರಿ. ಇರ್ಲಿ” ಎಂದಳು ಅವ್ವ. ಒಂಬತ್ತು ತಿಂಗಳ ಮೇಲೆ ಅವರಿಬ್ಬರೂ ನೇರ ಆಡಿದ ಮಾತು ಇಷ್ಟೇ. ಹುಳುಕು ತೆಗೆದು ಜಗಳಕ್ಕೆ ಕರೆದಳೆಂದು ನಾನು ತಿಳಿದೆ. ಜಗಳವಾದರೂ ಆಗಲಿ, ನನ್ನ ಟಪಾಲು ತಪ್ಪಿತಲ್ಲ ಎಂದು ಸಮಾಧಾನವಾಯಿತು.

ಮುಂದೆ ಆ ಗಂಟು ನಮ್ಮ ಮನೆಯ ಮಾತಾಯಿತು. ಹಬ್ಬದ ಮುಂಜಾನೆ, ಮೊದಲ ಮಳೆ ಬಿದ್ದಾಗ, ಓಣಿಯಲ್ಲಿ ಯಾರದಾದರೂ ಮಗಳ ಮದುವೆಯ ಹಂದರ ಎದ್ದಾಗ ಅವ್ವ ಇದ್ದಕ್ಕಿದ್ದಂತೆ “ಗಂಟು ಒತ್ತತೈತ್ರಿ” ಎನ್ನುತ್ತಿದ್ದಳು. ಅಪ್ಪ “ಬಿಚ್ಚಿ ಹಿಂಜ್ಲೇನು?” ಎನ್ನುತ್ತಿದ್ದ. “ಬ್ಯಾಡ, ಇರ್ಲಿ.” ಗಂಗವ್ವ ಕಾಕು ಒಮ್ಮೆ ಇದನ್ನು ಕೇಳಿಸಿಕೊಂಡು ಬಿದ್ದು ಬಿದ್ದು ನಕ್ಕಳು. “ಏನ್ ಖಾದರಣ್ಣಾ, ಊರಿಗೆಲ್ಲಾ ಬೆಣ್ಣಿಯಂಥಾ ದಿಂಬ, ಮನಿ ಹೆಣ್ತಿಗೆ ಗಂಟಿಂದೇನು? ಛಲೋ ಆತು ಬಿಡು ನಿಂದು!” ಅಪ್ಪ ತಲೆ ತಗ್ಗಿಸಿದ. ಅವ್ವ ಮಾತ್ರ ಅಂದು ಬಾಯಿಗೆ ಸೆರಗು ಒತ್ತಿಕೊಂಡಳು. ಅಕ್ಕ ಹೋದ ಮೇಲೆ ಅವಳು ನಕ್ಕಿದ್ದನ್ನು ನಾನು ಮೊದಲು ಕಂಡದ್ದು ಆಗಲೇ. ನಾನು ದೊಡ್ಡವಳಾಗಿ ಅಕ್ಕನ ರಿಬ್ಬನ್ ಎಲ್ಲಿವೆ ಎಂದು ಕೇಳಿದಾಗ “ಕಳದ್ವು” ಎಂದಳು. ಬೀಗ ಹಾಕಿದ ಟ್ರಂಕಿನಿಂದ ಹೇಗೆ ಕಳೆಯುತ್ತವೆ ಎಂದು ನಾನು ವಾದಿಸಿದೆ. ಅವಳು ಹಿತ್ತಲಿಗೆ ಎದ್ದು ಹೋದಳು.

ನಾನು ಮದುವೆಯಾಗಲಿಲ್ಲ. ಅದು ಬೇರೆಯೇ ಕತೆ, ಇಲ್ಲಿ ಬೇಡ. ಶಿಕ್ಷಕಿಯ ನೌಕರಿ ಸಿಕ್ಕಿತು, ಅಣ್ಣಿಗೇರಿಯಲ್ಲಿ ಮನೆ ಮಾಡಿದೆ. ಹಳ್ಳಿಗಳಿಗೂ ಮಷಿನ್ ಬಂತು, ಫೋಮಿನ ಗಾದಿ ಬಂತು. ಅಪ್ಪ ಬಿಲ್ಲನ್ನು ಜಂತಿಗೆ ಏರಿಸಿಟ್ಟು ನನ್ನ ಹತ್ತಿರವೇ ಇರಲು ಅವ್ವನ ಜೊತೆ ಬಂದ. ಬರುವಾಗ ಅವ್ವ ಪಾತ್ರೆಪಡಗ ಬಿಟ್ಟಳು, ಆ ದಿಂಬು ಬಿಡಲಿಲ್ಲ. ಗವಸನ್ನು ತಾನೇ ಒಗೆಯುತ್ತಿದ್ದಳು, ನನಗೆ ಮುಟ್ಟಗೊಡುತ್ತಿರಲಿಲ್ಲ. ಅಪ್ಪ ಇಲ್ಲೇ ತೀರಿಕೊಂಡ. ಅವನ ನಲವತ್ತು ದಿನ ಕಳೆದ ಮರುದಿನ ಅವ್ವ ಅವನ ದಿಂಬನ್ನು ತಾನೇ ಬಿಚ್ಚಿ, ಇಡೀ ದಿನ ಬಿಸಿಲಿನಲ್ಲಿ ಕೂತು, ಅರಳೆಯನ್ನು ಬೆರಳಿನಿಂದ ಎಳೆ ಎಳೆಯಾಗಿ ಬಿಡಿಸಿದಳು. “ನಿಮ್ಮಪ್ಪನ ಪದ್ಧತಿ ಇದು” ಎಂದಳು. ಶಲವಡಿಯ ಮನೆ ಮಾರಿದೆವು. ಕೊಂಡವರು ಅದನ್ನು ಕೆಡವಿ ಹೊಸದು ಕಟ್ಟಿಸಿದರು. ಬಿಲ್ಲು ಏನಾಯಿತೋ ಕೇಳಲಿಲ್ಲ, ಕೇಳಬೇಕಾಗಿತ್ತು.

ಅವ್ವ ಹೋಗಿ ನಾಲ್ಕು ತಿಂಗಳಾಯಿತು. ಅವಳ ದಿಂಬು ಅವಳು ಬಿಟ್ಟೆದ್ದ ಹಾಗೇ ಇತ್ತು, ನಡುವೆ ಕುಳಿ. ನಲವತ್ತು ದಿನವೇನು, ನೂರು ದಿನ ದಾಟಿದ್ದವು. ನಾನೂ ಮಧ್ಯಾಹ್ನ ಹೋಗಿ ಬಗ್ಗಿ ನೋಡಿ ಬರುತ್ತಿದ್ದೆ. ಕೈ ಹಿಂದೆ ಕಟ್ಟಿಕೊಂಡಿದ್ದೇನೆ ಎಂದು ಒಂದು ದಿನ ಗೊತ್ತಾಗಿ ಹೆದರಿದೆ. ಹಾಗಾಗಿ ಇವತ್ತು ಟೆಂಪೊ ಬಂದಾಗ ಗಟ್ಟಿ ಮನಸ್ಸು ಮಾಡಿ ದಿಂಬು ತೆಗೆದುಕೊಂಡು ಹೋಗಿ ಸರದಿಯಲ್ಲಿ ನಿಂತೆ. “ಕೊಡ್ರಿ ಅಕ್ಕಾರ, ಹತ್ತು ಮಿನಿಟಿನ್ಯಾಗ ಹೊಸಾದು ಮಾಡಿ ಕೊಡ್ತೇನಿ” ಎಂದು ಮಷಿನ್ನಿನವನು ಗವಸು ಎಳೆದು, ಹರಿಯಲು ಬ್ಲೇಡು ಹಚ್ಚಿದ. ನನ್ನ ಕೈ ತಾನಾಗಿ ಅವನ ಕೈ ಹಿಡಿಯಿತು. ಅದೇ ಹೂವಿನ ಚೀಲ, ಬಣ್ಣವೆಲ್ಲ ಹೋಗಿ ಬೂದುಬೂದಾಗಿತ್ತು. “ತಡಿಯಪ್ಪಾ, ಹೊಲಿಗಿ ನಾನ ಬಿಚ್ಚಿ ತರ್ತೇನಿ” ಎಂದು ವಾಪಸು ತಂದು ಹಿತ್ತಲಿನ ಕಟ್ಟೆಯ ಮೇಲೆ ಕೂತೆ.

ಅಪ್ಪನ ಹೊಲಿಗೆ ಹುಡುಕಿದೆ. ಉದ್ದ ಹೊಲಿಗೆ, ಒಂದು ಎಳೆ ಜಗ್ಗಿದರೆ ಬಿಚ್ಚಿಕೊಳ್ಳುತ್ತದೆ. ಮೊದಲ ಬದಿ ಅಕ್ಕಿಕಾಳಿನಂಥ ಹೊಲಿಗೆ. ಎರಡನೆಯದೂ ಅದೇ, ಮೂರನೆಯದೂ ಅದೇ. ನಾಲ್ಕನೆಯ ಬದಿಗೆ ತಿರುಗಿಸಿದೆ. ಅಲ್ಲಿಯೂ ಅಕ್ಕಿಕಾಳು. ಎರಡು ಸಲ ಸುತ್ತ ತಿರುಗಿಸಿ ನೋಡಿದೆ. ನಾಲ್ಕೂ ಬದಿ ಅವ್ವನದೇ. ಅಪ್ಪ ನನ್ನ ಕಣ್ಣೆದುರಿಗೇ ಮುಚ್ಚಿದ ಬಾಯಿಯನ್ನು ಅವಳು ಎಂದೋ ಬಿಚ್ಚಿ, ಮತ್ತೆ ಹೊಲಿದಿದ್ದಳು. ಕತ್ತರಿಯ ತುದಿಯಿಂದ ಒಂದೊಂದೇ ಹೊಲಿಗೆ ಕತ್ತರಿಸಿ ಕೈ ಒಳಗೆ ಹಾಕಿದೆ. ನಡುವಿನಲ್ಲಿ ಗಟ್ಟಿಯಾದದ್ದೊಂದು ಸಿಕ್ಕಿತು.

ಹಿಡಿಯಷ್ಟು ಅರಳೆ. ಹಿಂಜದ್ದು, ಎಣ್ಣೆ ಕುಡಿದು ಹಳದಿಯಾಗಿ ಗಟ್ಟಿ ಕೂತದ್ದು. ಅದರಲ್ಲಿ ಸಿಕ್ಕಿಕೊಂಡ ಎರಡು ಮೂರು ಉದ್ದ ಕೂದಲು. ಅದರ ಸುತ್ತ, ಶಾಲೆಯ ಹುಡುಗಿಯ ಜಡೆಗೆ ಕಟ್ಟಿದ ಹಾಗೆ ಹೂವಿನ ಗಂಟು ಹಾಕಿ ಕಟ್ಟಿದ ಕೆಂಪು ರಿಬ್ಬನ್. ಅಂದು ಅಪ್ಪ ನನ್ನನ್ನು ನೀರಿಗೆ ಕಳಿಸಿದ್ದು ಇದಕ್ಕೆ. ಕುಳಿಯ ಅರಳೆಯನ್ನು ಹಿಂಜಲು ಅವನಿಗೂ ಕೈ ಬಂದಿರಲಿಲ್ಲ. ಊರಿಗೆಲ್ಲ ಬುದ್ಧಿ ಹೇಳಿದವನು, ಹಾಗೇ ತೆಗೆದು ನನಗೆ ಕಾಣದಂತೆ ನಡುವೆ ಇಟ್ಟು ಮುಚ್ಚಿಬಿಟ್ಟಿದ್ದ, ಹೇಳಲು ನಾಚಿಕೆಪಟ್ಟಿದ್ದ. ಅವ್ವ ಆ ಮಳೆಗಾಲದ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಅದನ್ನು ಕಂಡಿದ್ದಳು, ರಿಬ್ಬನ್ ಕಟ್ಟಿದ್ದಳು, ಹೊಲಿದಿದ್ದಳು, ಹೊರಗೆ ಬಂದು ಗೋಡೆಗೆ ಮುಖ ಮಾಡಿ ಗಂಟೈತಿ ಎಂದಿದ್ದಳು. ಅದು ತಕರಾರಾಗಿರಲಿಲ್ಲ. ಅಪ್ಪ ಸಾಯುವವರೆಗೂ ಅವರಿಬ್ಬರೂ ಮಗಳ ಬಗ್ಗೆ ಮಾತಾಡಿಕೊಂಡದ್ದು ಆ ಎರಡು ಮಾತಿನಲ್ಲೇ.

ಅಳು ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಸಿಟ್ಟು. ಮನೆಯಲ್ಲಿ ಮೂವರಿದ್ದೆವು. ನನಗೇಕೆ ಹೇಳಲಿಲ್ಲ? ಒಂದು ಗಾದಿಯ ಅರ್ಧದಲ್ಲಿ ಮುದುಡಿ ಮಲಗಿದವಳಿಗೆ, ರಿಬ್ಬನ್ ಕೇಳಿ ಇಲ್ಲ ಅನ್ನಿಸಿಕೊಂಡವಳಿಗೆ, ಒಂದು ಸಲ ಕೈ ಹಿಡಿದು ಆ ಗಂಟನ್ನು ಮುಟ್ಟಿಸಬಾರದಿತ್ತೆ? ಇಷ್ಟು ವರ್ಷ ನಿಮ್ಮ ಜೊತೆ ನಾನೂ ಅತ್ತಿರುತ್ತಿದ್ದೆನಲ್ಲ. ಹಿತ್ತಲಿನಲ್ಲಿ ಕೂತು ಇಲ್ಲದ ಇಬ್ಬರ ಜೊತೆ ಬಾಯಿಬಿಟ್ಟು ಜಗಳವಾಡಿದೆ. ಹಳದಿ ಅರಳೆಯನ್ನು ಮೂಗಿಗೆ ಹಿಡಿದೆ. ಮೆಂತ್ಯವೂ ಇಲ್ಲ, ಕೊಬ್ಬರಿ ಎಣ್ಣೆಯೂ ಇಲ್ಲ. ಧೂಳಿನ ವಾಸನೆ, ಅಷ್ಟೇ. ಆಮೇಲೆ ಬಿಸಿಲಿಗೆ ಧೋತರದ ಬದಲು ನನ್ನ ಸೀರೆ ಹಾಸಿ, ಸುತ್ತಲಿನ ಅರಳೆಯನ್ನೆಲ್ಲ ಬೆರಳಿನಿಂದ ಬಿಡಿಸಿದೆ. ಅವ್ವನ ಕುಳಿ ನನ್ನ ಕೈಯಲ್ಲೇ ಹೋಯಿತು. ಗಂಟನ್ನು ಮತ್ತೆ ನಡುವಿಟ್ಟೆ. ಬಾಯಿ ಹೊಲಿದೆ. ನನ್ನ ಹೊಲಿಗೆ ಅತ್ತ ಅವ್ವನದೂ ಅಲ್ಲ, ಇತ್ತ ಅಪ್ಪನದೂ ಅಲ್ಲ, ಡೊಂಕು ಡೊಂಕಾಗಿ ಹೋಯಿತು.

ಸಂಜೆ ಟೆಂಪೊದವನು ಹೊರಡುವಾಗ ಬಾಗಿಲಿಗೆ ಬಂದು “ದಿಂಬ ತರಲಿಲ್ಲಲ್ರಿ ಅಕ್ಕಾರ?” ಎಂದು ಕೂಗಿದ. ಬೇಡವೆಂದು ಕೈ ಮಾಡಿದೆ. ಮೈಕಿನ ಕೂಗು ಓಣಿಯ ಕೊನೆಯಲ್ಲಿ ತಿರುಗಿ ಸಣ್ಣದಾಯಿತು. ಚೆಲ್ಲಿದ ಚಹಾ ಒರೆಸಿ, ಚಾಪೆ ಹಾಸಿ, ಗೋಡೆಗೆ ಮುಖ ಮಾಡಿ ಮಲಗಿದೆ. ಕಿವಿಯ ಹಿಂದೆ ಗಂಟು ಒತ್ತಿತು. ಹತ್ತು ವರ್ಷದವಳಿದ್ದಾಗಿನಿಂದ ಬೇರೆಯವರ ಮಾತನ್ನೇ ಮುಟ್ಟಿಸಿದ ಬಾಯಿಯಿದು, ಒಮ್ಮೆ ನನ್ನದನ್ನೂ ಹೇಳಿಬಿಡೋಣವೆಂದು ಗಟ್ಟಿಯಾಗಿಯೇ ಅಂದೆ: “ನಡುವ ಗಂಟೈತಿ.”

ಬಿಚ್ಚಿ ಹಿಂಜಲೇನು ಎಂದು ಕೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಕಾದು, ಬ್ಯಾಡ, ಇರ್ಲಿ ಎಂದು ಅದನ್ನೂ ನಾನೇ ಹೇಳಿಕೊಂಡೆ.